ಮಿಲಿಮೀಟರಿನಲ್ಲಿ ಬರೆದ ಉತ್ತರ

ಕಳೆದ ವರ್ಷ ಮಳೆಗಾಲದಲ್ಲಿ ನನ್ನ ಕ್ಲಿನಿಕ್ಕಿಗೆ ಬಂದ 58 ವರ್ಷದ ಹೆಂಗಸೊಬ್ಬರು, ಕೆಳದವಡೆಯ ಮುಂದಿನ ಹಲ್ಲನ್ನು ನಾಲಗೆಯಿಂದ ಅಲ್ಲಾಡಿಸಿ ತೋರಿಸಿ, "ಡಾಕ್ಟ್ರಮ್ಮಾ, ಇದನ್ನೆಲ್ಲ ಕ್ಲೀನ್ ಮಾಡ್ಸಿದ್ರೆ ಹಲ್ಲು ಉಳಿಯುತ್ತಾ?" ಎಂದು ಕೇಳಿದರು. ಅಡಿಕೆ ಸುಲಿಯುವ ಕೂಲಿಗೆ ಹೋಗುವ ಅವರು ಅಂದಿನ ಕೂಲಿ ಬಿಟ್ಟು, ಎರಡು ಬಸ್ಸು ಬದಲಿಸಿ ಬಂದಿದ್ದರು. ವಸಡಿನ ಚಿಕಿತ್ಸೆಯಲ್ಲೇ ಸ್ನಾತಕೋತ್ತರ ಪದವಿ ಪಡೆದ ನನಗೆ ಆ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳಲಾಗಲಿಲ್ಲ. ನಾನು ಓದಿದ ಸಂಶೋಧನೆಗಳಲ್ಲಿ ಬಹುಪಾಲು ಅವರ ಪ್ರಶ್ನೆಯನ್ನು ಕೇಳಿಯೇ ಇರಲಿಲ್ಲ. ವಸಡಿನ ಪಾಕೆಟ್, ಅಂದರೆ ಹಲ್ಲಿಗೂ ವಸಡಿಗೂ ನಡುವೆ ಆಳವಾಗುವ ಸಂದು, ಎಷ್ಟು ಮಿಲಿಮೀಟರ್ ಕಡಿಮೆಯಾಯಿತು ಎಂಬ ಬೇರೆಯದೇ ಪ್ರಶ್ನೆಗೆ ಅವು ಉತ್ತರ ಹುಡುಕಿದ್ದವು. ಈ ಎರಡು ಪ್ರಶ್ನೆಗಳ ನಡುವಿನ ಅಂತರವೇ ಈ ಬರಹದ ವಿಷಯ.

ಮೊದಲು ಆ ಮಿಲಿಮೀಟರ್ ಎಲ್ಲಿಂದ ಬರುತ್ತದೆ ಎಂಬುದನ್ನು ಹೇಳಬೇಕು. ವಸಡನ್ನು ಪರೀಕ್ಷಿಸುವಾಗ ನಾವು ಪ್ರೋಬ್ ಎಂಬ, ಗೆರೆಗಳನ್ನು ಗುರುತು ಮಾಡಿದ ತೆಳುವಾದ ಲೋಹದ ಕಡ್ಡಿಯನ್ನು ಹಲ್ಲಿಗೂ ವಸಡಿಗೂ ನಡುವೆ ಮೆಲ್ಲಗೆ ಇಳಿಸುತ್ತೇವೆ. ಆರೋಗ್ಯವಾಗಿರುವ ವಸಡಿನಲ್ಲಿ ಅದು 3 ಮಿಲಿಮೀಟರಿನೊಳಗೆ ನಿಲ್ಲುತ್ತದೆ; ಹಲ್ಲನ್ನು ಹಿಡಿದಿರುವ ನಾರು ಮತ್ತು ಮೂಳೆ ಕರಗಿದಲ್ಲಿ ಐದಕ್ಕೋ ಏಳಕ್ಕೋ ಇಳಿಯುತ್ತದೆ. ಒಂದೊಂದು ಹಲ್ಲಿನ ಸುತ್ತ ಆರು ಕಡೆ ಅಳೆಯುವುದರಿಂದ 28 ಹಲ್ಲಿರುವ ಒಂದೇ ಬಾಯಿಯಲ್ಲಿ 168 ಅಳತೆಗಳಾಗುತ್ತವೆ. ನನ್ನ ಪ್ರೌಢಪ್ರಬಂಧದ ಕೆಲಸ ಆರಂಭವಾಗುವ ಮೊದಲು ಮಾರ್ಗದರ್ಶಕರು ನನ್ನಿಂದ ಅದೇ ರೋಗಿಗಳನ್ನು ಎರಡು ದಿನ ಬಿಟ್ಟು ಮತ್ತೊಮ್ಮೆ ಅಳೆಸಿದರು. ಮೊದಲ ದಿನದ ಹಾಳೆಯನ್ನು ಪಕ್ಕಕ್ಕಿಟ್ಟು ಹೋಲಿಸಿದಾಗ ಅನೇಕ ಕಡೆ ನನ್ನದೇ ಕೈ ಬರೆದ ಎರಡು ಅಂಕಿಗಳ ನಡುವೆ ಒಂದು ಮಿಲಿಮೀಟರ್ ವ್ಯತ್ಯಾಸವಿತ್ತು. ಕೈಯ ಒತ್ತಡ ಸ್ವಲ್ಪ ಹೆಚ್ಚಾದರೆ, ಕಡ್ಡಿ ಸ್ವಲ್ಪ ಓರೆಯಾದರೆ ಅಂಕಿ ಬದಲಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಉರಿಯೂತದಿಂದ ಮೆತ್ತಗಾದ ವಸಡಿನಲ್ಲಿ ಪ್ರೋಬ್ ಅಂಗಾಂಶದೊಳಕ್ಕೇ ನುಗ್ಗುತ್ತದೆ. ಶುಚಿಗೊಳಿಸಿದ ಕೆಲವು ವಾರಗಳಲ್ಲಿ ವಸಡು ಬಿಗಿಯಾದಾಗ ಅದೇ ಪ್ರೋಬ್ ಮೊದಲಿಗಿಂತ ಮೇಲೆಯೇ ನಿಂತುಬಿಡುತ್ತದೆ. ಹಾಗಾಗಿ ಚಿಕಿತ್ಸೆಯ ಬಳಿಕ ನಾವು ಬರೆದುಕೊಳ್ಳುವ ಸುಧಾರಣೆಯಲ್ಲಿ ಒಂದು ಪಾಲು ಉರಿಯೂತ ಇಳಿದದ್ದರ ಗುರುತೇ ಹೊರತು ಕಳೆದುಹೋದ ಹಿಡಿತ ಮರಳಿ ಬಂದದ್ದರ ಗುರುತಲ್ಲ.

ಇಷ್ಟು ತಿಳಿದ ಮೇಲೆ ಸಂಶೋಧನಾ ಲೇಖನಗಳ ಅಂಕಿಗಳನ್ನು ಓದುವ ರೀತಿಯೇ ಬದಲಾಗುತ್ತದೆ. ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2015ರಲ್ಲಿ ಅದುವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಬೇರಿನವರೆಗೆ ಗಾರೆ (ಹಲ್ಲಿನ ಮೇಲೆ ಕಲ್ಲಿನಂತೆ ಗಟ್ಟಿಯಾದ ಪಾಚಿ) ತೆಗೆದು ನುಣುಪುಗೊಳಿಸುವ ಸಾಮಾನ್ಯ ಚಿಕಿತ್ಸೆಯಿಂದ ಹಲ್ಲಿನ ಹಿಡಿತದಲ್ಲಿ ಆಗುವ ಲಾಭ ಸರಾಸರಿ ಅರ್ಧ ಮಿಲಿಮೀಟರ್ ಎಂದು ಕಂಡುಬಂತು. ಒಂದು ಪಾಕೆಟ್ಟಿನ ಒಂದು ಅಳತೆಯಲ್ಲಿ ಕೈ ತಪ್ಪಬಹುದಾದ ಪ್ರಮಾಣಕ್ಕಿಂತಲೂ ಈ ಸರಾಸರಿ ಚಿಕ್ಕದು. ಹಾಗೆಂದು ಅದು ಸುಳ್ಳಲ್ಲ. ನೂರಾರು ಬಾಯಿಗಳಲ್ಲಿ ಸಾವಿರಾರು ಅಳತೆಗಳನ್ನು ತೆಗೆದಾಗ ಕೈಯ ತಪ್ಪುಗಳು ಒಂದನ್ನೊಂದು ಹೊಡೆದುಹಾಕಿ ನಿಜವಾದ ಬದಲಾವಣೆ ಉಳಿಯುತ್ತದೆ. ಆದರೆ ಇಪ್ಪತ್ತು ಮೂವತ್ತು ರೋಗಿಗಳ ಪ್ರಯೋಗವೊಂದು 0.4 ಮಿಲಿಮೀಟರ್ ಹೆಚ್ಚಿನ ಲಾಭ ಸಾಧಿಸಿದೆ ಎಂದಾಗ ನಾನು ಮೊದಲು ನೋಡುವುದು ಅಳೆದವರು ಯಾರು, ಯಾವ ರೋಗಿಗೆ ಯಾವ ಚಿಕಿತ್ಸೆಯಾಗಿದೆ ಎಂಬುದು ಅವರಿಗೆ ತಿಳಿದಿತ್ತೇ ಎಂಬುದನ್ನು.

ನಮ್ಮ ಶಾಸ್ತ್ರದ ಬುನಾದಿಯಾದ ಪ್ರಯೋಗವೊಂದು ಕೇವಲ 12 ಜನರ ಮೇಲೆ ನಡೆದದ್ದು. 1965ರಲ್ಲಿ ಡೆನ್ಮಾರ್ಕಿನ ಆರ್ಹಸ್‌ನಲ್ಲಿ ಹರಾಲ್ಡ್ ಲೋ ಮತ್ತು ಅವರ ಸಹೋದ್ಯೋಗಿಗಳು, ಹೆಚ್ಚಾಗಿ ದಂತ ವೈದ್ಯಕೀಯ ವಿದ್ಯಾರ್ಥಿಗಳೇ ಇದ್ದ, ಆರೋಗ್ಯವಂತ ವಸಡಿನ ಆ ಗುಂಪಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. 10ರಿಂದ 21 ದಿನಗಳೊಳಗೆ ಎಲ್ಲರ ವಸಡೂ ಕೆಂಪೇರಿತು. ಮತ್ತೆ ಉಜ್ಜಲು ಆರಂಭಿಸಿದಾಗ ಸುಮಾರು ಒಂದು ವಾರದಲ್ಲಿ ಸರಿಹೋಯಿತು. ಹಲ್ಲಿನ ಮೇಲೆ ಕೂರುವ ಪಾಚಿಯೇ ಉರಿಯೂತಕ್ಕೆ ಕಾರಣವೆಂಬುದು ಅಷ್ಟು ಸ್ಪಷ್ಟವಾಗಿ, ಅಷ್ಟು ಕಡಿಮೆ ಜನರಲ್ಲಿ ತೋರಿತು. ಏಕೆಂದರೆ ಅಲ್ಲಿ ಪರಿಣಾಮ ದೊಡ್ಡದಾಗಿತ್ತು, ತಪ್ಪದೆ ಎಲ್ಲರಲ್ಲೂ ಕಾಣಿಸಿಕೊಂಡಿತ್ತು. ಆದರೆ ಆ ಪ್ರಯೋಗ ಹೇಳಿದ್ದು ವಸಡಿನ ಮೇಲುಮೇಲಿನ ಉರಿಯೂತದ ಬಗ್ಗೆ ಮಾತ್ರ. ಮೂಳೆ ಕರಗುವ ಪೆರಿಯೊಡಾಂಟೈಟಿಸ್ ಹಾಗೆ ವಾರದಲ್ಲಿ ಬಂದು ವಾರದಲ್ಲಿ ಹೋಗುವುದಿಲ್ಲ.

ಅದನ್ನು ಅರಿಯಲು ಲೋ ಅವರ ತಂಡ ಶ್ರೀಲಂಕಾದ ಚಹಾ ತೋಟಗಳಿಗೆ ಹೋಯಿತು. ಹಲ್ಲುಜ್ಜುವ ರೂಢಿಯಿಲ್ಲದ, ದಂತ ಚಿಕಿತ್ಸೆಯ ಸೌಲಭ್ಯವೂ ಇಲ್ಲದ 480 ಮಂದಿ ಗಂಡಸರನ್ನು 1970ರಿಂದ 15 ವರ್ಷಗಳ ಕಾಲ ಮತ್ತೆ ಮತ್ತೆ ಪರೀಕ್ಷಿಸಿ 1986ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ಎಲ್ಲರ ಹಲ್ಲಿನಲ್ಲೂ ಪಾಚಿಯಿತ್ತು, ಗಾರೆಯಿತ್ತು, ಎಲ್ಲರ ವಸಡಿನಲ್ಲೂ ಉರಿಯೂತವಿತ್ತು. ಆದರೂ ಅವರಲ್ಲಿ ಸುಮಾರು 8% ಜನರಲ್ಲಿ ಕಾಯಿಲೆ ವೇಗವಾಗಿ ಮುಂದುವರಿಯಿತು, 81% ಜನರಲ್ಲಿ ಮಧ್ಯಮ ಗತಿಯಲ್ಲಿ ಸಾಗಿತು, ಉಳಿದ 11% ಜನರಲ್ಲಿ ಉರಿಯೂತದಾಚೆಗೆ ಹೋಗಲೇ ಇಲ್ಲ. 35ನೇ ವಯಸ್ಸಿನಲ್ಲಿ ಮೊದಲ ಗುಂಪಿನವರು ಸರಾಸರಿ 9 ಮಿಲಿಮೀಟರಿನಷ್ಟು ಹಿಡಿತ ಕಳೆದುಕೊಂಡಿದ್ದರೆ ಕೊನೆಯ ಗುಂಪಿನವರು ಒಂದು ಮಿಲಿಮೀಟರನ್ನೂ ಕಳೆದುಕೊಂಡಿರಲಿಲ್ಲ.

ಈ ಅಧ್ಯಯನವನ್ನು ಓದಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಚಿಕಿತ್ಸೆ ಸಿಗದ ಬಡ ಕಾರ್ಮಿಕರ ಬಾಯಿಯಲ್ಲಿ ಮೂಳೆ ಕರಗುವುದನ್ನು ವರ್ಷಗಟ್ಟಲೆ ಅಳೆದ ಇಂಥ ಕೆಲಸಕ್ಕೆ ಇಂದಿನ ಯಾವ ನೈತಿಕ ಸಮಿತಿಯೂ ಒಪ್ಪಿಗೆ ಕೊಡಲಾರದು, ಕೊಡಲೂ ಬಾರದು. ಹಾಗಿದ್ದೂ ಆ ಗಂಡಸರಿಗೆ ನಾವು ಋಣಿಗಳು. ಅವರಿಂದ ನಮಗೆ ದೊರೆತ ತಿಳಿವಳಿಕೆ ಇಲ್ಲದಿದ್ದರೆ ಮುಂದಿನ ಯಾವ ಪ್ರಯೋಗವನ್ನೂ ಸರಿಯಾಗಿ ತೂಗಿ ನೋಡಲು ಆಗುತ್ತಿರಲಿಲ್ಲ. ಒಂದೇ ಬಗೆಯ ಬದುಕು, ಒಂದೇ ಬಗೆಯ ಪಾಚಿ ಇದ್ದರೂ ಕಾಯಿಲೆಯ ಗತಿ ಇಷ್ಟು ಬೇರೆಯಾಗುವುದಾದರೆ, ಹದಿನೈದು ಹದಿನೈದು ಜನರ ಎರಡು ಗುಂಪುಗಳನ್ನು ಮಾಡಿ ಹೊಸ ಔಷಧವೊಂದನ್ನು ಪರೀಕ್ಷಿಸುವಾಗ ಆ ವೇಗದ ಗುಂಪಿಗೆ ಸೇರಿದ ಇಬ್ಬರು ಒಂದೇ ಕಡೆಗೆ ಬಿದ್ದರೂ ಫಲಿತಾಂಶ ವಾಲಿಬಿಡುತ್ತದೆ. ಚೀಟಿ ಎತ್ತಿ ಗುಂಪು ಮಾಡಿದರೆ ಸಾಲದು, ಚೀಟಿಗಳ ಸಂಖ್ಯೆಯೂ ಸಾಕಷ್ಟಿರಬೇಕು.

ಶಸ್ತ್ರಚಿಕಿತ್ಸೆಯ ಕುರಿತ ಪ್ರಯೋಗಗಳು ಈ ತೊಡಕನ್ನು ಜಾಣತನದಿಂದ ದಾಟಿದವು. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಿಗರ್ಡ್ ರಾಮ್‌ಫ್ಯೋರ್ಡ್ ಅವರ ತಂಡ ಒಂದೇ ಬಾಯಿಯನ್ನು ನಾಲ್ಕು ಭಾಗ ಮಾಡಿ ಒಂದೊಂದು ಭಾಗಕ್ಕೆ ಒಂದೊಂದು ಚಿಕಿತ್ಸೆ ಕೊಟ್ಟಿತು: ಒಂದರಲ್ಲಿ ಪಾಕೆಟ್ಟನ್ನು ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆ, ಇನ್ನೊಂದರಲ್ಲಿ ವಸಡನ್ನು ಬಿಡಿಸಿ ಬೇರನ್ನು ಶುಚಿಗೊಳಿಸಿ ಮತ್ತೆ ಹೊಲಿಯುವುದು, ಮೂರನೆಯದರಲ್ಲಿ ಪಾಕೆಟ್ಟಿನ ಒಳಗೋಡೆಯನ್ನು ಕೆರೆಯುವುದು, ನಾಲ್ಕನೆಯದರಲ್ಲಿ ಕೇವಲ ಗಾರೆ ತೆಗೆದು ಬೇರನ್ನು ನುಣುಪಾಗಿಸುವುದು. ಹೀಗೆ ಮಾಡಿದಾಗ ರೋಗಿಯ ಮೈಗುಣ, ಅಭ್ಯಾಸ, ಬೀಡಿ-ಸಿಗರೇಟು ಎಲ್ಲವೂ ನಾಲ್ಕು ಭಾಗಕ್ಕೂ ಸಮಾನವಾಗಿರುತ್ತವೆ. 1987ರಲ್ಲಿ ಪ್ರಕಟವಾದ ಐದು ವರ್ಷಗಳ ಫಲಿತಾಂಶದಲ್ಲಿ, 90 ರೋಗಿಗಳ ಪೈಕಿ ಕೊನೆಯವರೆಗೆ ಉಳಿದ 72 ಮಂದಿಯಲ್ಲಿ, 4ರಿಂದ 6 ಮಿಲಿಮೀಟರ್ ಆಳದ ಪಾಕೆಟ್ಟುಗಳಿಗೆ ಶಸ್ತ್ರಚಿಕಿತ್ಸೆಗಿಂತ ಸರಳ ಚಿಕಿತ್ಸೆಗಳೇ ಹಲ್ಲಿನ ಹಿಡಿತವನ್ನು ಸ್ವಲ್ಪ ಹೆಚ್ಚು ಕಾಪಾಡಿದ್ದವು. 7 ಮಿಲಿಮೀಟರ್ ಮತ್ತು ಅದಕ್ಕೂ ಆಳದ ಪಾಕೆಟ್ಟುಗಳಲ್ಲಿ ನಾಲ್ಕರ ನಡುವೆ ಗಣನೀಯ ವ್ಯತ್ಯಾಸವೇ ಇರಲಿಲ್ಲ. ಆ ಐದು ವರ್ಷವೂ ಪ್ರತಿ ಮೂರು ತಿಂಗಳಿಗೊಮ್ಮೆ ಪ್ರತಿಯೊಬ್ಬರ ಹಲ್ಲನ್ನೂ ಶುಚಿಗೊಳಿಸಲಾಗಿತ್ತು ಎಂಬುದನ್ನು ಮರೆತು ಈ ಫಲಿತಾಂಶವನ್ನು ಓದಬಾರದು.

ಆ ಮೂರು ತಿಂಗಳಿಗೊಮ್ಮೆಯ ಶುಚಿಕಾರ್ಯ ಎಷ್ಟು ಮುಖ್ಯವೆಂಬುದನ್ನು ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಸ್ಟುರೆ ನ್ಯೂಮನ್, ಯಾನ್ ಲಿಂಡೆ ಮತ್ತು ಜೊತೆಗಾರರು 1975ರಲ್ಲಿಯೇ ತೋರಿಸಿದ್ದರು. ಶಸ್ತ್ರಚಿಕಿತ್ಸೆಯಾದ 20 ರೋಗಿಗಳಲ್ಲಿ ಅರ್ಧದಷ್ಟು ಜನರನ್ನು ಎರಡು ವಾರಕ್ಕೊಮ್ಮೆ ಕರೆಸಿ ಹಲ್ಲು ಶುಚಿಗೊಳಿಸಿದರು. ಉಳಿದವರನ್ನು ಆರು ತಿಂಗಳಿಗೊಮ್ಮೆ ಕರೆಸಿದರು. ಎರಡು ವರ್ಷಗಳ ಬಳಿಕ ಮೊದಲ ಗುಂಪಿನ ವಸಡು ಚೆನ್ನಾಗಿತ್ತು, ಎರಡನೆಯ ಗುಂಪಿನಲ್ಲಿ ಕಾಯಿಲೆ ಮರುಕಳಿಸಿತ್ತು. ಕತ್ತರಿ, ಹೊಲಿಗೆ, ವೈದ್ಯರ ಕೈಚಳಕ ಎರಡೂ ಕಡೆ ಒಂದೇ ಆಗಿದ್ದವು. ನಾನು ಕಲಿಯುವಾಗ ಶಸ್ತ್ರಚಿಕಿತ್ಸೆಯ ಬಗೆಗಳಿಗೆ ಹತ್ತಾರು ತರಗತಿಗಳಿದ್ದವು, ಮರುಭೇಟಿಗೆ ಒಂದೇ ತರಗತಿಯಿತ್ತು. ಈಗ ಆ ಎರಡು ಅಧ್ಯಯನಗಳನ್ನು ಎದುರಿಗಿಟ್ಟುಕೊಂಡು ನೋಡಿದರೆ ಆ ಪಾಠಪಟ್ಟಿ ತಲೆಕೆಳಗಾಗಿತ್ತು ಎಂದೇ ನನಗನ್ನಿಸುತ್ತದೆ.

ಆ್ಯಂಟಿಬಯೋಟಿಕ್‌ಗಳ ವಿಷಯವನ್ನೂ ಹೇಳಬೇಕು, ಏಕೆಂದರೆ ನಮ್ಮೂರುಗಳಲ್ಲಿ ವಸಡು ಊದಿದರೆ ಮೆಡಿಕಲ್ ಶಾಪಿನಿಂದ ನಾಲ್ಕು ಮಾತ್ರೆ ತಂದು ನುಂಗುವವರು ಬಹಳ. ಅಮಾಕ್ಸಿಸಿಲಿನ್ ಮತ್ತು ಮೆಟ್ರೊನಿಡಜೋಲ್‌ಗಳನ್ನು ಒಟ್ಟಿಗೆ ಕೊಡುವ ಪದ್ಧತಿಯನ್ನು ಜರ್ಮನಿಯಲ್ಲಿ 400ಕ್ಕೂ ಹೆಚ್ಚು ರೋಗಿಗಳ ಮೇಲೆ ಎರಡು ವರ್ಷಕ್ಕೂ ಮೀರಿ ಪರೀಕ್ಷಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಾರೆ ತೆಗೆದು, ಮೂರು ತಿಂಗಳಿಗೊಮ್ಮೆ ನೋಡಿಕೊಂಡು, ಮೇಲೆ ಉಪಯೋಗವಿಲ್ಲದ ಹುಸಿ ಮಾತ್ರೆ ಕೊಟ್ಟ ಗುಂಪಿನಲ್ಲಿ ಕಾಯಿಲೆ ಮತ್ತೆ ಮುಂದುವರಿದ ಜಾಗಗಳು 7.8%, ನಿಜವಾದ ಔಷಧ ಪಡೆದ ಗುಂಪಿನಲ್ಲಿ 5.3%. ಔಷಧಕ್ಕೆ ಗುಣವಿಲ್ಲವೆಂದಲ್ಲ, ಆದರೆ ಔಷಧವಿಲ್ಲದೆಯೂ ನೂರರಲ್ಲಿ ತೊಂಬತ್ತೆರಡು ಜಾಗಗಳು ನಿಂತಿದ್ದವು. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಹೆಚ್ಚುತ್ತಿರುವ ಈ ಕಾಲದಲ್ಲಿ ಆ ಎರಡೂವರೆ ಅಂಶಕ್ಕಾಗಿ ಎಲ್ಲರಿಗೂ ಏಳು ದಿನ ಮಾತ್ರೆ ಕೊಡುವುದು ಸರಿಯಲ್ಲವೆಂದು 2020ರ ಯುರೋಪಿನ ಮಾರ್ಗಸೂಚಿ ಹೇಳಿತು. ನಾನು ಅದನ್ನೇ ಪಾಲಿಸುತ್ತೇನೆ. ಗಾರೆಯನ್ನು ತೆಗೆಯದೆ ಬರೀ ಮಾತ್ರೆ ನುಂಗುವುದನ್ನಂತೂ ನಾನು ಸಮರ್ಥಿಸಲಾರೆ.

ನಮ್ಮ ರಾಜ್ಯದ ಕೆಲಸವೂ ಈ ಕಥೆಯಲ್ಲಿದೆ. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎ. ಆರ್. ಪ್ರದೀಪ್ ಮತ್ತು ಅವರ ವಿದ್ಯಾರ್ಥಿಗಳು, ಕೊಲೆಸ್ಟರಾಲಿಗೆ ಕೊಡುವ ಸಿಮ್ವಾಸ್ಟಾಟಿನ್, ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್‌ನಂಥ ಅಗ್ಗದ, ಹಳೆಯ ಔಷಧಗಳನ್ನು ಜೆಲ್ ರೂಪಕ್ಕೆ ತಂದು ನೇರವಾಗಿ ಪಾಕೆಟ್ಟಿನೊಳಗೆ ತುಂಬುವ ಪ್ರಯೋಗಗಳನ್ನು 2010ರಿಂದ ಸರಣಿಯಾಗಿ ಪ್ರಕಟಿಸಿದರು. ಗಾರೆ ತೆಗೆದು ಔಷಧವಿಲ್ಲದ ಜೆಲ್ ತುಂಬಿದ್ದಕ್ಕಿಂತ ಔಷಧದ ಜೆಲ್ ತುಂಬಿದ ಕಡೆ ಪಾಕೆಟ್ ಹೆಚ್ಚು ಕಡಿಮೆಯಾಗಿತ್ತು, ಎಕ್ಸ್‌ರೇಯಲ್ಲಿ ಮೂಳೆಯ ಗುಂಡಿ ಹೆಚ್ಚು ತುಂಬಿದಂತೆ ಕಂಡಿತು. ದುಬಾರಿ ಮೂಳೆಪುಡಿ ಮತ್ತು ಪೊರೆಗಳನ್ನು ಕೊಳ್ಳಲಾಗದ ನಾಡಿನಲ್ಲಿ ಹುಟ್ಟಿದ ಈ ಆಲೋಚನೆ ನನಗೆ ತುಂಬಾ ಹೆಮ್ಮೆಯದು. ಹೆಮ್ಮೆಯಿರುವುದರಿಂದಲೇ ಇದನ್ನೂ ಹೇಳುತ್ತೇನೆ: ಆರೇಳು ತಿಂಗಳು ಅಳೆದ ಪಾಕೆಟ್ಟಿನ ಆಳದಿಂದ ಹತ್ತು ವರ್ಷದ ಮಾತು ಹೇಳಲಾಗದು, ಒಂದು ಕಾಲೇಜಿನಲ್ಲಿ ಕಂಡ ಫಲ ಬೇರೆ ಊರುಗಳ ಬೇರೆ ಕೈಗಳಲ್ಲಿ, ದೊಡ್ಡ ಗುಂಪುಗಳಲ್ಲಿ ಮರುಕಾಣಿಸಿಕೊಳ್ಳಬೇಕು. ನಮ್ಮಲ್ಲಿ ಪ್ರತಿ ವರ್ಷ ನಡೆಯುವ ಸ್ನಾತಕೋತ್ತರ ಪ್ರಬಂಧಗಳು ಲೆಕ್ಕವಿಲ್ಲದಷ್ಟಿದ್ದರೂ ಒಬ್ಬೊಬ್ಬ ವಿದ್ಯಾರ್ಥಿ ಒಂದೊಂದು ಹೊಸ ಜೆಲ್ ಹುಡುಕಿಕೊಂಡು ಮೂವತ್ತು ರೋಗಿಗಳಲ್ಲಿ ಮುಗಿಸುತ್ತಾರೆ. ನಾನೂ ಹಾಗೆಯೇ ಮಾಡಿದೆ. ಹತ್ತು ಕಾಲೇಜುಗಳ ಹತ್ತು ವಿದ್ಯಾರ್ಥಿಗಳು ಒಂದೇ ಪ್ರಶ್ನೆಯನ್ನು, ಒಂದೇ ಕ್ರಮದಲ್ಲಿ, ಒಂದೇ ಬಗೆಯ ಅಳತೆಯಿಂದ ಕೇಳಿದ್ದರೆ ಮುನ್ನೂರು ರೋಗಿಗಳ ಒಂದು ಪ್ರಯೋಗವಾಗುತ್ತಿತ್ತು. 2007ರಲ್ಲಿ ಆರಂಭವಾದ ನಮ್ಮ ದೇಶದ ಕ್ಲಿನಿಕಲ್ ಟ್ರಯಲ್ ನೋಂದಣಿ ವ್ಯವಸ್ಥೆಯಲ್ಲಿ ಯಾರು ಏನನ್ನು ಪರೀಕ್ಷಿಸುತ್ತಿದ್ದಾರೆಂಬುದು ಎಲ್ಲರಿಗೂ ತೆರೆದಿರುವಾಗ ಇದು ಆಗದ ಕೆಲಸವಲ್ಲ.

ಎಳ್ಳೆಣ್ಣೆ ಮುಕ್ಕಳಿಸುವುದರ ಬಗ್ಗೆ ರೋಗಿಗಳು ದಿನವೂ ಕೇಳುತ್ತಾರೆ. ಚೆನ್ನೈಯಲ್ಲಿ 20 ಹುಡುಗರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದು ಪಾಚಿಯನ್ನೂ ವಸಡಿನ ಉರಿಯೂತವನ್ನೂ ತಗ್ಗಿಸಿತು. ಅವಧಿ ಹತ್ತು ದಿನ. ಅದು ಆರ್ಹಸ್‌ನಲ್ಲಿ ಕಂಡಂಥ, ವಾರದಲ್ಲಿ ಹಿಂದಿರುಗುವ ಉರಿಯೂತದ ಮಾತು. ಮೂಳೆ ಕರಗಿ ಹಲ್ಲು ಅಲುಗಾಡುತ್ತಿರುವವರಿಗೆ ಅದರಿಂದ ಯಾವ ಭರವಸೆಯನ್ನೂ ಕೊಡಲಾರೆ.

ವಸಡಿನ ಚಿಕಿತ್ಸೆ ದೇಹದ ಇತರ ಕಾಯಿಲೆಗಳನ್ನೂ ತಡೆಯುತ್ತದೆಯೇ ಎಂಬ ಪ್ರಶ್ನೆಯಲ್ಲಿ ನನ್ನ ವೃತ್ತಿಯವರು ಆತುರಪಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. 1996ರಲ್ಲಿ ಅಮೆರಿಕದ ಅಧ್ಯಯನವೊಂದು, ವಸಡಿನ ಕಾಯಿಲೆಯಿರುವ ತಾಯಂದಿರಲ್ಲಿ ಅವಧಿಗೆ ಮುನ್ನ ಹೆರಿಗೆಯಾಗುವುದು, ಕಡಿಮೆ ತೂಕದ ಮಗು ಹುಟ್ಟುವುದು ಹೆಚ್ಚೆಂದು ತೋರಿಸಿತ್ತು. ಅದನ್ನೇ ಹಿಡಿದು, ವಸಡು ಸರಿಮಾಡಿಸಿಕೊಂಡರೆ ಹೆರಿಗೆ ಸುಸೂತ್ರವಾಗುತ್ತದೆ ಎಂದು ಶಿಬಿರಗಳಲ್ಲಿ ಗರ್ಭಿಣಿಯರಿಗೆ ಹೇಳುತ್ತಿದ್ದೆವು. ಆದರೆ 2006ರಲ್ಲಿ ಬ್ರಯನ್ ಮಿಖಲೋವಿಚ್ ಮತ್ತು ಸಂಗಡಿಗರು 823 ಗರ್ಭಿಣಿಯರನ್ನು ಚೀಟಿ ಎತ್ತುವಂತೆ ಎರಡು ಗುಂಪು ಮಾಡಿ, ಒಂದಕ್ಕೆ ಗರ್ಭ 21 ವಾರ ತುಂಬುವ ಮೊದಲೇ, ಇನ್ನೊಂದಕ್ಕೆ ಹೆರಿಗೆಯಾದ ಮೇಲೆ ಚಿಕಿತ್ಸೆ ಕೊಟ್ಟಾಗ, ಅವಧಿಗೆ ಮುನ್ನ ಆದ ಹೆರಿಗೆಗಳು ಮೊದಲ ಗುಂಪಿನಲ್ಲಿ 12.0%, ಎರಡನೆಯದರಲ್ಲಿ 12.8% ಇದ್ದವು. ಆ ವ್ಯತ್ಯಾಸಕ್ಕೆ ಅರ್ಥವಿಲ್ಲ. ವಸಡು ಸುಧಾರಿಸಿತು, ಚಿಕಿತ್ಸೆಯಿಂದ ತಾಯಿಗಾಗಲಿ ಮಗುವಿಗಾಗಲಿ ಕೇಡಾಗಲಿಲ್ಲ, ಆದರೆ ನಾವು ಕೊಟ್ಟ ಮಾತು ಮಾತ್ರ ನಿಲ್ಲಲಿಲ್ಲ. ಗರ್ಭಿಣಿಯರು ವಸಡಿನ ಚಿಕಿತ್ಸೆಯನ್ನು ನಿರ್ಭಯವಾಗಿ ಪಡೆಯಬಹುದು ಎಂಬ ಬೆಲೆಬಾಳುವ ಸಂಗತಿ ಆ ಪ್ರಯೋಗದಿಂದ ಖಚಿತವಾಯಿತು. ಇಂದು ನಾನು ಅವರಿಗೆ ಹೇಳುವುದು ಅದನ್ನಷ್ಟೇ.

ಸಕ್ಕರೆ ಕಾಯಿಲೆಯ ವಿಷಯ ಇಷ್ಟು ನೇರವಲ್ಲ. ಅಮೆರಿಕದ ಹಲವು ಕೇಂದ್ರಗಳಲ್ಲಿ 514 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆರು ತಿಂಗಳ ಬಳಿಕ, ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯ ಮಟ್ಟ ತೋರಿಸುವ ಎಚ್‌ಬಿಎ1ಸಿ ಅಳತೆ ಚಿಕಿತ್ಸೆ ಪಡೆದವರಲ್ಲೂ ಇಳಿಯಲಿಲ್ಲ. ಮುಂದುವರಿಸಿ ಪ್ರಯೋಜನವಿಲ್ಲವೆಂದು ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು. ಐದು ವರ್ಷಗಳ ನಂತರ, 2018ರಲ್ಲಿ, ಲಂಡನ್ನಿನಲ್ಲಿ ಫ್ರಾನ್ಸೆಸ್ಕೊ ಡಯೂಟೊ ಅವರ ತಂಡ 264 ರೋಗಿಗಳಲ್ಲಿ ನಡೆಸಿದ ಪ್ರಯೋಗದಲ್ಲಿ ಹನ್ನೆರಡು ತಿಂಗಳ ಕೊನೆಗೆ ಅದೇ ಅಳತೆ ಚಿಕಿತ್ಸೆಯ ಗುಂಪಿನಲ್ಲಿ 0.6 ಅಂಶ ಕಡಿಮೆಯಿತ್ತು. ಇಬ್ಬರೂ ಎಚ್ಚರಿಕೆಯಿಂದ ಕೆಲಸ ಮಾಡಿದವರೇ. ಆದರೆ ಮೊದಲನೆಯದರಲ್ಲಿ ಚಿಕಿತ್ಸೆಯಾದ ಮೇಲೂ ರೋಗಿಗಳ ಬಾಯಲ್ಲಿ ಪಾಚಿ ಮತ್ತು ವಸಡಿನ ರಕ್ತಸ್ರಾವ ಸಾಕಷ್ಟು ಉಳಿದಿತ್ತು. ಎರಡನೆಯದರಲ್ಲಿ ಅಗತ್ಯವಿದ್ದವರಿಗೆ ಶಸ್ತ್ರಚಿಕಿತ್ಸೆಯನ್ನೂ ಮಾಡಿ, ಮೂರು ತಿಂಗಳಿಗೊಮ್ಮೆ ಕರೆಸಿ ಶುಚಿಗೊಳಿಸಿದ್ದರು. ಗೋಥೆನ್‌ಬರ್ಗ್‌ನ ಎರಡು ಗುಂಪುಗಳ ನಡುವೆ ಇದ್ದ ವ್ಯತ್ಯಾಸವೇ ಇಲ್ಲಿ ಎರಡು ಪ್ರಯೋಗಗಳ ನಡುವೆ ಇದೆ ಎಂದು ನಾನು ಓದಿಕೊಂಡಿದ್ದೇನೆ. ಲಂಡನ್ನಿನ ಆ ಅಂಕಿಯನ್ನು ತೋರಿಸಿ, ಒಂದು ಸಲ ಕ್ಲೀನಿಂಗ್ ಮಾಡಿಸಿದರೆ ಶುಗರ್ ಇಳಿಯುತ್ತದೆಂದು ಹೇಳುವವರು ಆ ಹನ್ನೆರಡು ತಿಂಗಳ ಶ್ರಮವನ್ನು ಮರೆಮಾಚುತ್ತಾರೆ.

ಇನ್ನು ಆ ಅಮ್ಮನ ಪ್ರಶ್ನೆ. ಹಲ್ಲು ಉಳಿಯುತ್ತದೆಯೇ ಎಂಬುದನ್ನೇ ಕೇಳಿದ ಅಧ್ಯಯನಗಳು ಕಡಿಮೆ, ಏಕೆಂದರೆ ಹಲ್ಲು ಬೀಳಲು ವರ್ಷಗಳು ಬೇಕು, ಸಂಶೋಧನೆಯ ಹಣ ಅಷ್ಟು ಕಾಲ ಬರುವುದಿಲ್ಲ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಫಿಲಿಪ್ ಹುಯೋಲ್ ಅವರು ಈ ಕೊರತೆಯನ್ನು ಬಹಳ ಹಿಂದೆಯೇ ಎತ್ತಿ ತೋರಿಸಿದರು: ಮಿಲಿಮೀಟರ್ ಸುಧಾರಿಸಿದ ಮಾತ್ರಕ್ಕೆ ರೋಗಿಗೆ ಬೇಕಾದದ್ದು ಸಿಕ್ಕಿತೆಂದು ಭಾವಿಸಲಾಗದು. ಇದ್ದುದರಲ್ಲಿ ನಾನು ಮತ್ತೆ ಮತ್ತೆ ತೆರೆದು ನೋಡುವುದು 1978ರಲ್ಲಿ ಹಿರ್ಷ್‌ಫೆಲ್ಡ್ ಮತ್ತು ವಾಸರ್‌ಮನ್ ಎಂಬ ಇಬ್ಬರು ವೈದ್ಯರು ಅಮೆರಿಕದಿಂದ ಪ್ರಕಟಿಸಿದ ವರದಿ. ಅವರು ತಮ್ಮಲ್ಲಿ ಚಿಕಿತ್ಸೆ ಪಡೆದು ಸರಾಸರಿ 22 ವರ್ಷ ಬಿಡದೆ ಬರುತ್ತಿದ್ದ 600 ರೋಗಿಗಳ ಹಲ್ಲುಗಳನ್ನು ಎಣಿಸಿದರು. ಸುಮಾರು 83% ಜನರು ಅಷ್ಟೂ ವರ್ಷಗಳಲ್ಲಿ ಮೂರು ಅಥವಾ ಅದಕ್ಕಿಂತ ಕಡಿಮೆ ಹಲ್ಲು ಕಳೆದುಕೊಂಡಿದ್ದರು. ಸುಮಾರು 4% ಜನರು ಮಾತ್ರ ಹತ್ತು ಅಥವಾ ಹೆಚ್ಚು ಹಲ್ಲು ಕಳೆದುಕೊಂಡಿದ್ದರು. ಇದರಲ್ಲಿ ಹೋಲಿಕೆಗೆ ಇನ್ನೊಂದು ಗುಂಪಿಲ್ಲ, ಹಾಗಾಗಿ ಇದು ಪ್ರಯೋಗವಲ್ಲ. ಇಪ್ಪತ್ತೆರಡು ವರ್ಷ ತಪ್ಪದೆ ಬರುವಷ್ಟು ಶಿಸ್ತು ಮತ್ತು ಅನುಕೂಲ ಇದ್ದವರ ಲೆಕ್ಕ ಇದು ಎಂಬುದೂ ನಿಜ. ಆದರೂ ಇಲ್ಲಿ ಎಣಿಸಿದ್ದು ಹಲ್ಲನ್ನು.

ನಾನು ಆ ಅಮ್ಮನಿಗೆ, ಅಲ್ಲಾಡುವ ಮುಂದಿನ ಹಲ್ಲಿನ ಬಗ್ಗೆ ಮಾತು ಕೊಡಲಾರೆ, ಉಳಿದವುಗಳಲ್ಲಿ ಹೆಚ್ಚಿನವು ಉಳಿಯುವ ಸಾಧ್ಯತೆ ಚೆನ್ನಾಗಿದೆ, ಆದರೆ ನೀವು ಮೂರು ತಿಂಗಳಿಗೊಮ್ಮೆ ಬರಬೇಕು, ಹೊಗೆಸೊಪ್ಪು ಬಿಡಬೇಕು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕೊಯ್ಲಿನ ಕಾಲದಲ್ಲಿ ಬರುವುದು ಕಷ್ಟ ಎಂದರು. ಮಿಶಿಗನ್ನಿನಲ್ಲಿಯೂ ಗೋಥೆನ್‌ಬರ್ಗ್‌ನಲ್ಲಿಯೂ ಲಂಡನ್ನಿನಲ್ಲಿಯೂ ಚಿಕಿತ್ಸೆಯ ಫಲವನ್ನು ಉಳಿಸಿದ್ದು ಆ ಮರುಭೇಟಿಯೇ. ಒಂದು ಮರುಭೇಟಿಗೆ ಒಂದು ದಿನದ ಕೂಲಿ ಕಳೆದುಕೊಳ್ಳುವವರಲ್ಲಿ ಅದನ್ನು ಹೇಗೆ ಸಾಧಿಸುವುದು, ತಾಲ್ಲೂಕು ಆಸ್ಪತ್ರೆಯಲ್ಲಿ ಮಾಡಿದರೆ ಸಾಕೇ, ಆರು ತಿಂಗಳಿಗೊಮ್ಮೆ ಮಾಡಿದರೆ ಎಷ್ಟು ಹಲ್ಲು ಹೋಗುತ್ತವೆ ಎಂಬುದನ್ನು ಪರೀಕ್ಷಿಸುವ ಪ್ರಯೋಗ ನಮ್ಮ ಮಲೆನಾಡಿನಲ್ಲಿ ನಡೆಯಬೇಕೆಂಬುದು ನನ್ನ ಆಸೆ. ಇನ್ನೊಂದು ಜೆಲ್ಲಿಗಿಂತ ಅದಕ್ಕೆ ನನ್ನ ಮತ.

ಅವರು ಬಂದರು, ನವೆಂಬರಿನಲ್ಲಿ ಒಮ್ಮೆ ತಪ್ಪಿಸಿಕೊಂಡು, ಕೊಯ್ಲು ಮುಗಿದ ಮೇಲೆ ಮತ್ತೆ ಬಂದರು. ಮುಂದಿನ ಹಲ್ಲು ಇನ್ನೂ ಅಲ್ಲಾಡುತ್ತಿದೆ, ಆದರೆ ವಸಡಿನಲ್ಲಿ ರಕ್ತ ಬರುವುದು ನಿಂತಿದೆ. ಅವರ ಹಾಳೆಯಲ್ಲಿ ಪಾಕೆಟ್ಟಿನ ಅಳತೆಗಳನ್ನು ಬರೆದ ಮೇಲೆ, ಈಗ ಎಲ್ಲರಿಗೂ ಮಾಡುವಂತೆ, ಅಂಚಿನಲ್ಲಿ ಇನ್ನೊಂದು ಅಂಕಿಯನ್ನು ಬರೆದೆ: ಹಲ್ಲು, 24.